ಎಲೆಗೆ ನೇಲ್ ಪಾಲಿಶ್ ಹಚ್ಚುವ ಅಕ್ಕ

ಲೋಕದ ಹೆಂಗಸರು ಉಗುರಿಗೆ ನೇಲ್ ಪಾಲಿಶ್ ಹಚ್ಚುತ್ತಾರೆ. ನಮ್ಮಕ್ಕ ಬೇವಿನ ಎಲೆಗೆ ಹಚ್ಚುತ್ತಾಳೆ! ಅವಳ ಉಗುರುಗಳು ಮಾತ್ರ ಇವತ್ತಿಗೂ ಬೋಳು.

ವಿಜ್ಞಾನ ಕಲಿಸಿ ನಿವೃತ್ತಳಾದವಳು ಹಳೆಯದೊಂದು ಸೂಕ್ಷ್ಮದರ್ಶಕ ಹೊತ್ತು ವಾಡಿಯ ನಮ್ಮ ಮನೆಗೆ ಬಂದಳು. ನಮ್ಮ ಓಣಿಗೆ ಅದು ‘ದುರ್ಬೀನು’. ಎಲೆಯ ಮೇಲಿನ ಸಿಮೆಂಟ್ ಕಾರ್ಖಾನೆಯ ಧೂಳನ್ನು ಕೂಸಿನ ಮುಖ ಒರೆಸಿದಂತೆ ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ. ಎಲೆಯ ಬೆನ್ನಿಗೆ ತೆಳ್ಳಗೆ ಪಾಲಿಶ್. ಒಣಗಿದ ಮೇಲೆ ಟೇಪು ಅಂಟಿಸಿ ಮೆಲ್ಲಗೆ ಕಿತ್ತರೆ ಎಲೆಯ ಅಚ್ಚು ಟೇಪಿಗೆ ಬಂದುಬಿಡುತ್ತದೆ. ಅದನ್ನು ಗಾಜಿನ ಪಟ್ಟಿಗೆ ಅಂಟಿಸಿ ಕಣ್ಣಿಟ್ಟಳೋ, ಒಲೆಯ ಮೇಲಿನ ಹಾಲು ದೇವರ ಪಾಲು!

“ಎಲಿ ಉಸಿರಾಡೂ ಬಾಯಿ ಎಷ್ಟ್ ಅದಾವೋ ತಮ್ಮಾ! ಅರ್ಧ ತೆರಕೊಂಡು ಮಲಗ್ಯಾವ. ಬಾ, ನೋಡು.”

ನಾನೇಕೆ ನೋಡಲಿ? ಐದನೇ ಇಯತ್ತೆಗೆ ಶಾಲೆ ಬಿಟ್ಟು, ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ತಿಕ್ಕಿದವನು ನಾನು. ನನ್ನ ಪಾಲಿಶ್ ಬರಿಗಣ್ಣಿಗೇ ಕಾಣುತ್ತದೆ!

ಚಿತ್ತಾಪುರದ ಬಳೆ ಅಂಗಡಿಯಲ್ಲಿ ಬಣ್ಣವಿಲ್ಲದ ಪಾಲಿಶ್ ಕೇಳಿದಳು. ಅಂಗಡಿಯ ಚಾಚಾ ಕಂಗಾಲು. “ಬಣ್ಣಾನೇ ಇಲ್ಲದ್ದು ಯಾಕ್ರೀ ಅಮ್ಮಾ?”

“ಬೇವಿನ ಗಿಡಕ್ಕಪಾ.”

“ಗಿಡಕ್ಕ ಈ ಸಣ್ಣ ಬಾಟ್ಲಿ ಸಾಲಂಗಿಲ್ರಿ. ಪೇಂಟಿನ ಅಂಗಡಿ ಮುಂದದ, ಹೋಗ್ರಿ!”

ಸೇಡಂನ ಮದುವೆಯಲ್ಲಂತೂ ತಾಂಬೂಲದ ತಟ್ಟೆಯಿಂದಲೇ ವೀಳ್ಯದೆಲೆ ಎತ್ತಿ ಪಾಲಿಶ್ ಹಚ್ಚಿ ಒಣಗಲಿಟ್ಟಳು. ಬೀಗರ ಹಿರಿಯರು ಅದನ್ನೇ ಮಡಚಿ ಬಾಯಿಗೆ ಒಯ್ದರು. “ತಿನಬ್ಯಾಡ್ರಿ! ಇನ್ನಾ ಒಣಗಿಲ್ಲ!” ಎಂದು ಚೀರಿದಳು. ಆ ಹಿರಿಯರು ಇಂದಿಗೂ ಎಲೆಯನ್ನು ಮೂರು ಸಲ ಮೂಸಿಯೇ ತಿನ್ನುವುದು.

ಮೊನ್ನೆ ರೇಷನ್ ಅಂಗಡಿಯ ಮಷೀನು ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ. ಒರೆಸಿ ಒತ್ತಿದೆ, ಉಗುಳು ಹಚ್ಚಿ ಒತ್ತಿದೆ. ಊಹೂಂ!

“ಕಾಕಾ, ನಿಮ್ಮ ಬೆರಳಿನ್ಯಾಗ ಗೆರೀನೇ ಇಲ್ರಿ,” ಎಂದ ಅಂಗಡಿಯವ.

“ಊರೆಲ್ಲಾ ನಾ ತಿಕ್ಕಿದ ಕಲ್ಲಿನ ಮ್ಯಾಲ ಓಡ್ಯಾಡ್ತದ! ನಾ ಯಾರಂತ ನಿನ್ನ ಮಷೀನಿಗಿ ಗೊತ್ತಿಲ್ಲೇನು?” ಎಂದು ಗುಡುಗಿ ಬಂದೆ. ಕೈಯಲ್ಲಿ ಖಾಲಿ ಚೀಲ. ಕಲ್ಲಿಗೆ ಹೊಳಪು ಕೊಡುತ್ತ ಕೊಡುತ್ತ ನನ್ನನ್ನೇ ತಿಕ್ಕಿ ಅಳಿಸಿಕೊಂಡೆನೇ?

ಬೇವಿನ ನೆರಳಲ್ಲಿ ಕೂತಿದ್ದ ಅಕ್ಕ ಎಲ್ಲ ಕೇಳಿದಳು. ನನ್ನ ಹೆಬ್ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಾಟಲಿ ತೆರೆದಳು.

“ನಾ ಏನ್ ಎಲೀ ಏನಕ್ಕಾ?”

“ಸುಮ್ಮ ಕುಂದ್ರು. ಒಣಗಲಿ.”

ಚಿಕ್ಕಂದಿನಲ್ಲಿ ನನ್ನ ಗಾಯಕ್ಕೆ ಊದುತ್ತಿದ್ದಂತೆ ಫೂ ಫೂ ಎಂದು ಊದಿದಳು. ಟೇಪು ಅಂಟಿಸಿ ಕಿತ್ತು, ದುರ್ಬೀನಿಗೆ ಬಾಗಿ ಅದರ ತಿರುಪನ್ನು ಆಚೀಚೆ ತಿರುಗಿಸಿದಳು.

“ಗೆರಿ ಅದಾವೋ ತಮ್ಮಾ. ಭಾಳ ಸಣ್ಣಾಗ್ಯಾವ. ಆದ್ರ ಅದಾವ.”

ಮೊದಲ ಸಲ ನಾನೂ ಬಾಗಿದೆ. ಬರೀ ಮಂಜು. ಆಮೇಲೆ ಮೆಲ್ಲಗೆ, ತೆಳುಗಾಳಿ ಸೋಕಿದ ಚಂದ್ರಂಪಳ್ಳಿ ಡ್ಯಾಮಿನ ನೀರಿನಂತೆ, ಸಣ್ಣ ಸಣ್ಣ ಅಲೆಗಳು ಒಂದರ ಹಿಂದೆ ಒಂದು ಎದ್ದು ಬಂದವು. ಅವು ನನ್ನವೇ. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತು, ಉಕ್ಕಲಿ!

ಮರುದಿನವೂ ಮಷೀನು ಒಪ್ಪಲಿಲ್ಲ. ನಾನು ಜಗಳವಾಡಲಿಲ್ಲ, ಹೆಂಡತಿ ಬಂದು ಹೆಬ್ಬೆರಳು ಒತ್ತಿದಳು, ಅಕ್ಕಿ ತಂದೆವು.

ಅಕ್ಕನ ಗಾಜಿನ ಪಟ್ಟಿಗಳ ಡಬ್ಬಿಯಲ್ಲಿ ಈಗ ಬೇವಿನ ಎಲೆಗೂ ತೊಗರಿ ಎಲೆಗೂ ನಡುವೆ ನಾನಿದ್ದೇನೆ. ಆಗಾಗ ತೆಗೆದು ನೋಡಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಡುತ್ತಾಳೆ.