ಮಾವನ ಹಾಡು, ಹೊಸ ಪೆಟ್ಟಿಗೆ

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ನಮ್ಮ ಪ್ಲಂಬರ್ ಮಾಡಿದ್ದು ಅದನ್ನೇ. ಮಾವನಿಗೆ ಎಪ್ಪತ್ತೈದು ತುಂಬಿದ ದಿನ ಒಂದು ಶರ್ಟು ಕೊಟ್ಟು ಕೈ ತೊಳೆದುಕೊಂಡಿದ್ದರೆ ಆಗುತ್ತಿತ್ತು. ಆದರೆ ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಮಾವ ಅಳಿಯನಿಗೆ ಒಂದೇ ಒಂದು ಸಲವೂ ಭೇಷ್ ಅಂದಿರಲಿಲ್ಲ. ಆ ಒಂದು ಮಾತಿಗಾಗಿ ಇವನು ಜೀವ ಬಿಡುತ್ತಿದ್ದ.

ಮದುವೆಗೆ ಮುಂಚೆ ಇವನು ತನ್ನ ಅಣ್ಣನ ಜೊತೆ ಮೊದಲ ಸಲ ಆ ಮನೆಗೆ ಹೋಗಿದ್ದ ಸಂಜೆ ಮಾವ ಒಂದೂವರೆ ಗಂಟೆ ಹಾಡಿದ್ದರು. ಅತ್ತೆ ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಪ್ಲಂಬರ್ ಅದನ್ನು ಸ್ಟುಡಿಯೋಗೆ ಒಯ್ದ. ಅಲ್ಲಿಯವರು ಗೊರಗೊರ ಸದ್ದನ್ನೆಲ್ಲ ತೊಳೆದು, ಹಾಡುವವರ ಉಸಿರೂ ಕೇಳಿಸುವಂಥ ‘ಹೈ ರೆಸಲ್ಯೂಷನ್’ ಫೈಲು ಮಾಡಿಕೊಟ್ಟರು. ಅಷ್ಟು ನಾಜೂಕಿನ ಫೈಲು ಇವನ ಫೋನಿನಲ್ಲಿ ತೆರೆಯಲೇ ಇಲ್ಲ. ಹಾಗಾಗಿ ಹೊಸ ಪ್ಲೇಯರ್, ಆಂಪ್ಲಿಫೈಯರ್, ಆಳೆತ್ತರದ ಎರಡು ಸ್ಪೀಕರ್ ಮನೆಗೆ ಬಂದವು.

ಮಾವ ಮಧ್ಯಾಹ್ನವೇ ಬಂದರು. ಎರಡು ಕಿವಿಗೂ ಹೊಸ ಶ್ರವಣಯಂತ್ರ. ತಂತಿಯಿಲ್ಲದೆ ಟೀವಿ ಸದ್ದು ಸೀದಾ ಕಿವಿಗೆ ಬರುತ್ತದೆಂದು ಮಗಳಿಗೆ ಹೆಮ್ಮೆಯಿಂದ ತೋರಿಸಿ, ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು.

ಇತ್ತ ಪ್ಲೇಯರಿನ ತೂತು ಚಪ್ಪಟೆ, ಅಂಗಡಿಯವನು ಕೊಟ್ಟ ಕೇಬಲ್ಲಿನ ತಲೆ ಚೌಕ. ಮುಕ್ಕಾಲಿಂಚಿನ ಪೈಪಿಗೆ ಅರ್ಧ ಇಂಚಿನದನ್ನು ಕೂಡಿಸುವವನಿಗೆ ಇದೇನು ಮಹಾ ಎಂದುಕೊಂಡ ಪ್ಲಂಬರ್ ಊಟ ಬಿಟ್ಟು ಗುದ್ದಾಡಿದ. ಹೆಂಡತಿ ಎರಡು ಸಲ ಊಟಕ್ಕೆ ಕರೆದು ಸುಮ್ಮನಾದಳು.

ಮೇಲಿನ ಮನೆಯ ನಿವೃತ್ತ ಟೆಲಿಫೋನ್ ನೌಕರರು ಒಂದು ಚೀಲ ವೈರಿನೊಡನೆ ಇಳಿದು ಬಂದರು. ಚೌಕದ ಕೇಬಲ್ಲಿನಲ್ಲಿ ಇಷ್ಟು ದೊಡ್ಡ ಹಾಡು ಹರಿಯುವುದಿಲ್ಲ, ಎಚ್‌ಡಿಎಂಐ ಬೇಕು ಎಂದು ತೀರ್ಪಿತ್ತರು. ಪಕ್ಕದ ಮನೆಯ ಫೋಟೋಗ್ರಾಫರ್ ಅದನ್ನೂ ತಂದ. ಎರಡು ಕಡೆಯೂ ಸರಿಯಾಗಿ ಕೂತಿತು. ಆದರೂ ಸ್ಪೀಕರುಗಳು ಕುಂಬಳಕಾಯಿಯ ಹಾಗೆ ಸುಮ್ಮನಿದ್ದವು. ಕೇಬಲ್ ಹಳೇ ಕಾಲದ್ದು ಎಂದು ಟೆಲಿಫೋನಿನವರು, ಪೆಟ್ಟಿಗೆಯೇ ಸರಿಯಿಲ್ಲ ಎಂದು ಫೋಟೋಗ್ರಾಫರ್. ಮಾತಿನ ಭರದಲ್ಲಿ ಇಬ್ಬರೂ ಸಿಕ್ಕಸಿಕ್ಕ ಗುಂಡಿ ಒತ್ತಿದರು. ಕೊನೆಗೆ ಪ್ಲೇಯರಿನ ಮೇಲೆ ‘ಕನೆಕ್ಟೆಡ್’ ಎಂದು ಹಸಿರು ಅಕ್ಷರ ಬಂತು. ಸದ್ದು ಬರಲಿಲ್ಲ.

ಮಾವ ಕುರ್ಚಿಯಲ್ಲಿ ತೊಡೆ ತಟ್ಟತೊಡಗಿದರು. ತಾಳ್ಮೆ ಕೆಟ್ಟಿತೆಂದು ಪ್ಲಂಬರಿಗೆ ಬೆವರು ಕಿತ್ತುಕೊಂಡಿತು. ಸ್ವಲ್ಪ ಹೊತ್ತಿಗೆ ಅವರ ಹುಬ್ಬೂ ಗಂಟಿಕ್ಕಿತು. ಇನ್ನೊಂದು ಗಂಟೆ ವೈರು ಅದಲುಬದಲು ಮಾಡಿ, ಸೋತು, ಪ್ಲಂಬರ್ ಅವರೆದುರು ನಿಂತ.

“ಮಾವ, ನಿಮ್ಮ ಹಾಡು ನಿಮಗೇ ಕೇಳಿಸ್ಬೇಕು ಅಂತಿದ್ದೆ. ಆಗ್ಲಿಲ್ಲ.”

ಮಾವ ಕಣ್ಣು ತೆರೆದರು. ಕಣ್ಣು ಒದ್ದೆಯಾಗಿತ್ತು.

“ಆಗ್ಲಿಲ್ಲ ಅಂದ್ರೆ? ಆಗಿಂದ ಕೇಳ್ತಾನೇ ಇದೀನಿ. ನನ್ನ ಗಂಟಲು ಇಷ್ಟು ಚೆನ್ನಾಗಿತ್ತಾ ಅನ್ನಿಸ್ತು. ಭೇಷ್ ಕಣಯ್ಯ.”

ಪ್ಲೇಯರ್ ಕನೆಕ್ಟ್ ಆಗಿದ್ದು ಆಂಪ್ಲಿಫೈಯರಿಗಲ್ಲ, ಮಾವನ ಕಿವಿಗೆ. ಅದು ಹೊಳೆಯುವ ಮೊದಲೇ ಪ್ಲಂಬರ್ ಬಗ್ಗಿ ಮಾವನ ಕಾಲು ಮುಟ್ಟಿದ. ಇಪ್ಪತ್ತೆರಡು ವರ್ಷದ ಆಸೆ, ಪಾಪ.

“ಆದ್ರೆ ಅಳಿಯಂದ್ರೇ,” ಮಾವನ ದನಿ ಬದಲಾಯಿತು, “ಮೂರನೇ ಹಾಡಿನ ಹಿಂದೆ ಯಾರೋ ಪಿಸುಗುಡ್ತಾರೆ. ‘ಅಣ್ಣಾ, ಹೊಟ್ಟೆ ಹಸೀತಿದೆ, ಈ ಮುದುಕನ ಗೋಳು ಯಾವಾಗ ಮುಗಿಯುತ್ತೋ’ ಅಂತ. ಕ್ಯಾಸೆಟ್ಟಲ್ಲಿ ಯಾವತ್ತೂ ಕೇಳಿರ್ಲಿಲ್ಲ. ದನಿ ಮಾತ್ರ ಗೊತ್ತಿರೋದೇ. ಆಗ ನಂಗೆ ಐವತ್ಮೂರು ವರ್ಷ.”

ನೆರೆಯವರಿಬ್ಬರಿಗೂ ಮನೆಯಲ್ಲಿ ತುರ್ತು ಕೆಲಸ ನೆನಪಾಯಿತು. ವೈರು ಸುತ್ತಿಕೊಂಡು ಹೊರಟೇಬಿಟ್ಟರು.

“ಪೆಟ್ಟಿಗೆ ಆಫ್ ಮಾಡಿ, ಇಲ್ಲಿ ಮುಂದೆ ಬಂದು ಕೂತ್ಕೊಳ್ಳಿ,” ಎಂದು ಮಾವ ಗಂಟಲು ಸರಿಮಾಡಿಕೊಂಡರು. “ಒಂದೂವರೆ ಗಂಟೆ ಅಷ್ಟೆ.”

ಪ್ಲಂಬರ್ ಕೂತ. ಅಡುಗೆಮನೆಯಿಂದ ಬಿಸಿ ಊಟದ ವಾಸನೆ ಬರುತ್ತಿತ್ತು. ಹೊಟ್ಟೆ ಚುರುಗುಟ್ಟಿತು. ಈ ಸಲ ಮಾತ್ರ ಅವನು ಯಾರ ಕಿವಿಯಲ್ಲೂ ಏನೂ ಹೇಳಲಿಲ್ಲ.