ಬೂಟು ನೆನೆಯದ ಸದಸ್ಯರಿಗೆ ಇನಿಶ್‌ಮೀಲದಿಂದ

ಮಾನ್ಯರೇ,

ಡಬ್ಲಿನ್ನಿನ ಡಾಲ್ ಸಂಸತ್ ಸಭೆಯಲ್ಲಿ ನಮ್ಮ ಕ್ಷೇತ್ರವನ್ನು ಪ್ರತಿನಿಧಿಸುತ್ತಿರುವ ಶ್ರೀ ಕಾರ್ಮಕ್ ಮಲ್ಕ್ರೋನ್ ಅವರಿಗೆ, ಪಶ್ಚಿಮ ಕಡಲಿನ ಇನಿಶ್‌ಮೀಲ ದ್ವೀಪದ ನಿವಾಸಿಯೂ ಅಲ್ಲಿನ ದೋಣಿಕಟ್ಟೆ ಸಮಿತಿಯ ಕಾರ್ಯದರ್ಶಿಯೂ ಆದ ಫೆಸ್ಟಸ್ ಲಾವೆಲ್ ಸವಿನಯವಾಗಿ ಸಲ್ಲಿಸುವ ವಂದನೆಗಳು. ತಾವೂ, ತಮ್ಮ ಕುಟುಂಬದವರೂ, ತಮ್ಮ ಕಚೇರಿಯ ಸಿಬ್ಬಂದಿಯೂ, ವಿಶೇಷವಾಗಿ ತಮ್ಮ ಬೂಟುಗಳೂ ಕ್ಷೇಮವೆಂದು ನಂಬಿದ್ದೇವೆ. ಬೂಟುಗಳ ಕುಶಲವನ್ನು ಪ್ರತ್ಯೇಕವಾಗಿ ವಿಚಾರಿಸಿದ ಕಾರಣ ಪತ್ರ ಮುಂದುವರಿದಂತೆ ತಮಗೇ ತಿಳಿದುಬರುವುದು. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ; ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ ತಮ್ಮ ನಗುಮುಖವಿರುವ ಕ್ಯಾಲೆಂಡರುಗಳು ಉತ್ತರವಾಗಿ ಬಂದಿದ್ದು, ನಮ್ಮ ಗೋಡೆಗಳಲ್ಲಿ ಇನ್ನೊಂದು ಮೊಳೆ ಹೊಡೆಯಲು ಜಾಗವುಳಿದಿಲ್ಲ.

ಮೊದಲು ಕೃತಜ್ಞತೆಯನ್ನು ಸಲ್ಲಿಸುವುದು ನ್ಯಾಯ. ನಮ್ಮ ದೋಣಿಕಟ್ಟೆಯ ಹೆಸರನ್ನು ತಾವು ಎತ್ತದ ಚರ್ಚೆಯೇ ಆ ಸಭೆಯಲ್ಲಿ ನಡೆದಿಲ್ಲವೆಂದರೆ ಉತ್ಪ್ರೇಕ್ಷೆಯಾಗದು. ನಾಯಿಗಳ ಓಟದ ಮಸೂದೆ ಬಂದಾಗ, ಓಡುವ ನಾಯಿಗೆ ಹದವಾದ ಹಾದಿಯನ್ನು ಹಾಸಿಕೊಡುವ ಸರ್ಕಾರ ಇನಿಶ್‌ಮೀಲದ ಮನುಷ್ಯನಿಗೆ ಏನು ಕೊಟ್ಟಿದೆ ಎಂದು ಕೇಳಿದಿರಿ. ದೇಶದ ತಟಸ್ಥ ನೀತಿಯ ಚರ್ಚೆಯಲ್ಲಿ, ನಾಳೆ ಯಾವುದೇ ರಾಷ್ಟ್ರದ ಯುದ್ಧನೌಕೆ ಬಂದರೂ ಇಳಿಯಲು ಇನಿಶ್‌ಮೀಲದಲ್ಲಿ ಮರ್ಯಾದಸ್ಥವಾದ ಕಟ್ಟೆಯಿಲ್ಲವೆಂದು ಎಚ್ಚರಿಸಿದಿರಿ. ನಮ್ಮ ಮೇಲೆ ದಂಡೆತ್ತಿ ಬರಬೇಕೆಂದಿದ್ದವರು ಯಾರೇ ಆಗಿರಲಿ, ಅದನ್ನು ಕೇಳಿ ಹಿಂಜರಿದಿರಬೇಕು. ಸಣ್ಣ ಬಂದರುಗಳ ಅನುದಾನದ ಚರ್ಚೆ ನಡೆದ ಒಂದೇ ಒಂದು ಮಧ್ಯಾಹ್ನ ಮಾತ್ರ ತಾವು ರಾಷ್ಟ್ರೀಯ ದೃಷ್ಟಿಯನ್ನು ತಾಳಿ, ಡಬ್ಲಿನ್ನಿನ ಮನೆ ಬಾಡಿಗೆಯ ಕುರಿತು ಕಣ್ಣು ತೇವವಾಗುವಂತೆ ಮಾತನಾಡಿದಿರಿ. ಡೀಲಿಯಾಳ ಪಾನಗೃಹದ ಟಿವಿ ಪರದೆಯ ಮುಂದೆ ಇಡೀ ದ್ವೀಪ ಕುಳಿತಿತ್ತು. ತಮ್ಮ ಸರದಿ ಮುಗಿದಾಗ, ನಮ್ಮ ದೋಣಿ ನಡೆಸುವ ಮಾರ್ಟಿನ್ ಟೂಲ್, "ತಪ್ಪು ತಿಳ್ಕೋಬೇಡ್ರಪ್ಪ, ನಾಳೆ ಡಬ್ಲಿನ್ ಬಾಡಿಗೆ ಚರ್ಚೆಗೆ ಬಂದಾಗ ನಮ್ಮ ಕಟ್ಟೆ ಬಗ್ಗೆ ಮಾತಾಡ್ತಾನೆ" ಎಂದು ಎಲ್ಲರನ್ನೂ ಸಮಾಧಾನಪಡಿಸಿದನು. ಅವನ ಮಾತು ಅಕ್ಷರಶಃ ನಿಜವಾಯಿತು.

ಈಗ ಕಟ್ಟೆಯ ವಿಷಯ. ಅದಕ್ಕೆ ಮೇಲಿನರ್ಧ ಮೆಟ್ಟಿಲುಗಳಿವೆ. ಕೆಳಗಿನರ್ಧವನ್ನು ಹಿಂದೊಂದು ಚಳಿಗಾಲದ ಬಿರುಗಾಳಿ ಕಿತ್ತುಕೊಂಡು ಹೋಯಿತು. ಉಬ್ಬರದ ವೇಳೆಯಲ್ಲಿ ನೀರೇ ದೋಣಿಯನ್ನು ಉಳಿದ ಮೆಟ್ಟಿಲುಗಳ ಮಟ್ಟಕ್ಕೆ ಎತ್ತಿ ಹಿಡಿಯುವುದರಿಂದ, ಅಡಿಗೆಮನೆಯಿಂದ ಪಡಸಾಲೆಗೆ ಬಂದಷ್ಟೇ ಸಲೀಸಾಗಿ ದ್ವೀಪಕ್ಕೆ ಕಾಲಿಡಬಹುದು. ಇಳಿತದ ವೇಳೆಯಲ್ಲಿ ಅದೇ ದೋಣಿ ಬಾವಿಯ ತಳಕ್ಕಿಳಿದಂತೆ ಕೆಳಗೆ ನಿಲ್ಲುತ್ತದೆ; ಆಗ ಪಾಚಿ ಹಿಡಿದ ಕಬ್ಬಿಣದ ಏಣಿಯೊಂದೇ ಗತಿ.

ನನ್ನ ಅಕ್ಕ ಸಬೀನಾಳಿಗೆ ಮೂತ್ರಪಿಂಡಗಳು ಕೈಕೊಟ್ಟು, ಆಚೆ ದಡದ ಆಸ್ಪತ್ರೆಯಲ್ಲಿ ದಿನ ಬಿಟ್ಟು ದಿನ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾದ ಪರಿಸ್ಥಿತಿ ಬಂದಿದೆ. ಆಸ್ಪತ್ರೆ ಗಡಿಯಾರವನ್ನು ನಂಬುತ್ತದೆ, ಕಡಲು ಚಂದ್ರನನ್ನು ನಂಬುತ್ತದೆ, ಇಬ್ಬರಿಗೂ ಒಪ್ಪಂದವಿಲ್ಲ. ಹೋದ ವಸಂತದಲ್ಲಿ ಇಳಿತದ ಹೊತ್ತಿಗೆ ಮರಳಿದ ಅವಳ ಸೊಂಟಕ್ಕೆ ಮಾರ್ಟಿನ್ ಹಗ್ಗ ಬಿಗಿದು, ನಾನು ಮೇಲಿನಿಂದ ಎಳೆಯುತ್ತಿರುವಾಗ, ಏಣಿಯ ನಡುವೆ ಅವಳ ಕೈಸೋತು ಹಗ್ಗದಲ್ಲಿ ಜೋತುಬಿದ್ದಳು. ಅವಳನ್ನು ನಾವು ಉಳಿಸಿಕೊಂಡೆವು. ಅವಳ ಎಡಗಾಲಿನ ಬೂಟನ್ನು ಕಡಲು ಉಳಿಸಿಕೊಂಡಿತು. ಕಟ್ಟೆಯ ಮೇಲೆ ಕುಳಿತು ಉಸಿರು ತಿರುಗಿದ ಮೇಲೆ ಅವಳಾಡಿದ ಮೊದಲ ಮಾತು, "ಒಂದೇ ಬೂಟು ಇಟ್ಕೊಂಡು ಏನ್ ಮಾಡುತ್ತೋ ಅದು, ದರಿದ್ರದ್ದು" ಎಂಬುದಾಗಿತ್ತು. ಮರುವಾರವೇ ವೈದ್ಯರು, ಮೆಟ್ಟಿಲುಗಳಾಗುವವರೆಗೆ ಮನೆಯ ಮಾತೆತ್ತಬಾರದೆಂದು ವಿಧಿಸಿ, ಅವಳನ್ನು ಕ್ಯಾರಿಗ್‌ಬಾನ್ ಪಟ್ಟಣದ ಆರೈಕೆಗೃಹಕ್ಕೆ ಕಳುಹಿಸಿದರು. ಹುಟ್ಟಿದಂದಿನಿಂದ ಕಡಲನ್ನು ನೋಡಿಕೊಂಡು ಎದ್ದವಳು ಈಗ ನಿಲುಗಡೆಯ ಅಂಗಳದಲ್ಲಿ ಕಾರುಗಳು ಹಿಂದಕ್ಕೆ ಸರಿಯುವುದನ್ನು ನೋಡಿಕೊಂಡು ಏಳುತ್ತಾಳೆ. ಅವಳ ಕೋಳಿಗಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಅವು ನನ್ನನ್ನು ಒಪ್ಪಿಕೊಂಡಿಲ್ಲ.

ಇಷ್ಟೆಲ್ಲ ನಡೆದಿದ್ದರೂ ತಮಗೆ ತಿಳಿಯದೇ ಹೋದದ್ದರಲ್ಲಿ ತಮ್ಮ ತಪ್ಪಿಲ್ಲ. ತಪ್ಪು ನಮ್ಮ ಸಂಸ್ಕಾರದ್ದು. ತಾವು ನಮ್ಮ ದ್ವೀಪಕ್ಕೆ ಬರುವುದು ಶವಸಂಸ್ಕಾರಗಳಿಗೆ. ಒಂದನ್ನೂ ತಪ್ಪಿಸಿದವರಲ್ಲ, ತಮಗೆ ಎಂದೂ ಮತ ಹಾಕದವರ ಶವಪೆಟ್ಟಿಗೆಯ ಹಿಂದೆಯೂ, ಹಾಕಿದವರ ಹಿಂದೆ ನಡೆದಷ್ಟೇ ತಲೆ ತಗ್ಗಿಸಿ ನಡೆದವರು. ಚರ್ಚಿನ ಬಾಗಿಲಲ್ಲಿ ನಿಂತು ಎರಡೂ ಕೈಗಳಿಂದ ಕೈ ಹಿಡಿಯುವ ತಮ್ಮ ರೀತಿ ಈ ಜಿಲ್ಲೆಗೇ ಮಾದರಿ. ಹಕ್ಕಿಗಳ ಚಿತ್ರ ತೆಗೆಯಲು ಬಂದಿದ್ದ ಜರ್ಮನಿಯ ಪ್ರವಾಸಿಯೊಬ್ಬನ ಕೈಯನ್ನೂ ಹಾಗೆಯೇ ಹಿಡಿದು, "ನಿಮ್ಮ ತಾಯಿ ದೊಡ್ಡ ಮನಸ್ಸಿನ ಹೆಂಗಸು" ಎಂದು ಸಂತೈಸಿದ್ದನ್ನು ನಾವು ಮರೆತಿಲ್ಲ; ಅವನ ತಾಯಿ ಇನ್ನೂ ಇದ್ದಾರೆಂದು ಆಮೇಲೆ ತಿಳಿಯಿತಾದರೂ, ಅವನಿಗೆ ಬಹಳ ಸಮಾಧಾನವಾಗಿತ್ತು. ಆದರೆ ನಮ್ಮವರು ಆಚೆ ದಡದ ಆಸ್ಪತ್ರೆಯಲ್ಲಿ ತೀರಿಕೊಂಡು ದೋಣಿಯಲ್ಲಿ ಮನೆಗೆ ಬರುತ್ತಾರೆ, ಮತ್ತು ಶವಪೆಟ್ಟಿಗೆಯನ್ನು ಏಣಿಯ ಮೇಲೆ ಹತ್ತಿಸಲಾಗದು. ಆದ್ದರಿಂದ ಇನಿಶ್‌ಮೀಲದ ಶವಸಂಸ್ಕಾರ ಯಾವಾಗಲೂ ತುಂಬು ಉಬ್ಬರದಲ್ಲೇ ನಡೆಯುತ್ತದೆ. ಹೀಗಾಗಿ ತಾವು ನಮ್ಮ ಕಟ್ಟೆಯನ್ನು ಅದರ ಮದುವೆಯ ಉಡುಪಿನಲ್ಲಲ್ಲದೆ ಬೇರೆ ರೂಪದಲ್ಲಿ ಕಂಡವರೇ ಅಲ್ಲ. ನಮ್ಮ ಹಿರಿಯನಾದ ಬಾರ್ಟ್ಲಿ ಕೆರಿಗನ್ ಇದನ್ನು ಚುಟುಕಾಗಿ ಹೇಳುತ್ತಾನೆ: "ಸತ್ತವ್ರು ಉಬ್ಬರ ಕಾಯ್ತಾರೆ, ಕಾರ್ಮಕ್ಕೂ ಕಾಯ್ತಾನೆ. ಕಾಯೋಕೆ ಪುರುಸೊತ್ತಿಲ್ದೇ ಇರೋರು ಬದುಕಿರೋರು ಮಾತ್ರ."

ಗ್ರಾಮೀಣ ಏಕಾಂತದ ಕುರಿತು ಕಳೆದ ಶರತ್ಕಾಲದಲ್ಲಿ ನಡೆದ ಚರ್ಚೆಯಲ್ಲಿ ತಾವು ಜನರೊಡನೆ ತಮಗಿರುವ ನಂಟನ್ನು ವಿವರಿಸುತ್ತ, ಇನಿಶ್‌ಮೀಲದ ಕಟ್ಟೆಯ ಮೇಲೆ ಎಷ್ಟೋ ಬಾರಿ ಇಳಿದಿದ್ದೇನೆ, ಒಮ್ಮೆಯೂ ಬೂಟು ನೆನೆದಿಲ್ಲ ಎಂದು ಎದೆಯುಬ್ಬಿಸಿ ನುಡಿದಿರಿ. ಅದು ಸತ್ಯ. ಸತ್ಯವಾದದ್ದರಿಂದಲೇ ಅದಕ್ಕೆ ಉತ್ತರವಿಲ್ಲದಂತಾಯಿತು. ಚಳಿಗಾಲದಲ್ಲಿ ನಮ್ಮ ಮನವಿ ಸಭೆಯ ಮುಂದೆ ಬಂದಾಗ, ಬೇರಾವುದೋ ಇಲಾಖೆಯಿಂದ ಎರವಲು ಬಂದ ಕಿರಿಯ ಸಚಿವರೊಬ್ಬರು ಬರೆದುಕೊಟ್ಟದ್ದನ್ನು ಓದುತ್ತ, ವಿಷಯವನ್ನು ಎತ್ತಿದ್ದಕ್ಕಾಗಿ ತಮಗೆ ಧನ್ಯವಾದ ಹೇಳಿ, ಸ್ವತಃ ಮಾನ್ಯ ಸದಸ್ಯರೇ ಅಲ್ಲಿ ಪದೇಪದೇ ಇಳಿದೂ ಬೂಟು ನೆನೆಯಲಿಲ್ಲವೆಂದು ಇದೇ ಸಭೆಗೆ ತಿಳಿಸಿರುವುದರಿಂದ ಕೆಳಮೆಟ್ಟಿಲುಗಳ ಕಾಮಗಾರಿ ತುರ್ತಿನದಲ್ಲ ಎಂದು ತೀರ್ಮಾನ ಹೇಳಿದರು. ತಾವು ಸಚಿವರಿಗೆ ಮರುಧನ್ಯವಾದ ಹೇಳಿ ಕುಳಿತಿರಿ. ಡೀಲಿಯಾಳ ಪಾನಗೃಹದಲ್ಲಿ ಅದನ್ನು ನೋಡುತ್ತಿದ್ದ ಮಾರ್ಟಿನ್, "ಅಲ್ಲಾ ಫೆಸ್ಟಿ, ಅವ್ನ ಕಾಲು ಒದ್ದೆಯಾಗ್ಲಿಲ್ಲ ಅಂದ್ರೆ ಕಡಲೇ ಒಣಗ್ಹೋಗಿದೆ ಅಂತ ಬರ್ಕೊಂಬಿಟ್ರೇನೋ ಅಲ್ಲಿ?" ಎಂದು ಕೇಳಿದನು. ಸಮಿತಿಯ ಕಾರ್ಯದರ್ಶಿಯಾಗಿ ನಾನು ಆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ.

ತಮ್ಮ ಪ್ರಯತ್ನ ಪೂರ್ತಿ ನಿಷ್ಫಲವಾಯಿತೆಂದು ಹೇಳುವ ಕೃತಘ್ನ ನಾನಲ್ಲ. ಮೆಟ್ಟಿಲಿಗೆ ಬದಲಾಗಿ ನಮಗೊಂದು ದೀಪಸ್ತಂಭ ಮಂಜೂರಾಯಿತು. ಅದರ ಕಂಬದಲ್ಲಿ ತಮ್ಮ ಹೆಸರಿನ ಫಲಕವಿದೆ. ಉದ್ಘಾಟನೆಯೂ ಒಂದು ಶವಸಂಸ್ಕಾರದ ದಿನವೇ ಆದದ್ದರಿಂದ ನೀರು ತುಂಬಿತ್ತು. ಅದು ಬಹಳ ಪ್ರಖರವಾದ ದೀಪ. ಮೊದಲು ಮೆಟ್ಟಿಲುಗಳಿಲ್ಲದ ಜಾಗ ಕತ್ತಲಲ್ಲಿ ಅಂದಾಜಾಗಿ ಮಾತ್ರ ಕಾಣುತ್ತಿತ್ತು. ಈಗ ಅವು ಇಲ್ಲದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಭಯವೂ ಅಷ್ಟರಮಟ್ಟಿಗೆ ನಿಖರವಾಗಿದೆ.

ಆದ್ದರಿಂದ ತಮ್ಮಲ್ಲಿ ನಮ್ಮ ವಿನಂತಿ. ಮುಂದಿನ ಅಧಿವೇಶನದಲ್ಲಿ ಚಂದ್ರನನ್ನು ಸಂಬಂಧಪಟ್ಟ ಸ್ಥಾಯೀ ಸಮಿತಿಯ ಮುಂದೆ ಕರೆಸಿ, ಆಸ್ಪತ್ರೆಯ ವೇಳಾಪಟ್ಟಿಗೆ ಹೊಂದಿಕೊಂಡು ನಡೆಯುವಂತೆ ಅವನಿಗೆ ತಾಕೀತು ಮಾಡಿಸಬೇಕು. ಅವನು ಪಕ್ಷೇತರನೆಂದು ನುಣುಚಿಕೊಂಡರೆ, ತಾವೂ ಪಕ್ಷೇತರರೇ ಆಗಿದ್ದು ಸರ್ಕಾರದ ಸುತ್ತಲೇ ಸುತ್ತುತ್ತಿರುವ ಉದಾಹರಣೆಯನ್ನು ಅವನ ಮುಂದಿಡಬಹುದು. ಇದು ಕಷ್ಟವೆನಿಸಿದಲ್ಲಿ, ಸಭೆಯಲ್ಲಿ ಎದ್ದು ನಿಂತು ಇನಿಶ್‌ಮೀಲಕ್ಕೆ ಮೆಟ್ಟಿಲುಗಳು ಖಂಡಿತ ಬೇಡವೆಂದು ಮೇಜು ಗುದ್ದಿ ವಾದಿಸಬೇಕು. ತಾವು ಕೇಳಿದ್ದನ್ನು ಎಂದೂ ಕೊಡದ ಸರ್ಕಾರ ಬೇಡವೆಂದದ್ದನ್ನಾದರೂ ಕೊಟ್ಟೀತು. ಇವೆರಡೂ ಆಗದಿದ್ದರೆ ಕಡೆಗೊಂದು ಚಿಕ್ಕ ಕೋರಿಕೆಯಿದೆ. ಸಭೆಯಲ್ಲಿ ಆಡಿದ ಮಾತನ್ನು ಸಭೆಯಲ್ಲೇ ತಿದ್ದಲು ಅವಕಾಶವಿದೆಯೆಂದು ಕೇಳಿದ್ದೇನೆ. ತಾವು ಇಳಿದದ್ದೆಲ್ಲ ಉಬ್ಬರದಲ್ಲಿ ಎಂಬ ಒಂದು ವಾಕ್ಯವನ್ನು, ನಾಯಿಗಳ ಪ್ರಸ್ತಾಪವಿಲ್ಲದೆ, ಯುದ್ಧನೌಕೆಗಳ ಪ್ರಸ್ತಾಪವಿಲ್ಲದೆ, ತಾವು ಹೇಳಿದರೆ ಸಾಕು. ಅಕ್ಕ ಹೋದ ಭಾನುವಾರ ನನ್ನ ಕೈಗೆ ಉಳಿದ ಒಂದು ಬೂಟನ್ನು ಕೊಟ್ಟು, "ಇದನ್ ಮನೇಲಿಡು. ಜೋಡಿ ಸಿಗಲ್ಲ, ಗೊತ್ತು. ನಾನು ಬರೋವರ್ಗೂ ಬಾಗ್ಲತ್ರ ಏನಾದ್ರೂ ನಂದೂಂತ ಇರ್ಲಿ" ಎಂದಳು. ಅದನ್ನು ಬಾಗಿಲ ಬಳಿ ಇರಿಸಿದ್ದೇನೆ.

ಉಬ್ಬರದಲ್ಲೂ ಇಳಿತದಲ್ಲೂ ಏಕರೀತಿಯಾಗಿ
ತಮ್ಮ ವಿಶ್ವಾಸಿ,
ಫೆಸ್ಟಸ್ ಲಾವೆಲ್
ಕಾರ್ಯದರ್ಶಿ, ದೋಣಿಕಟ್ಟೆ ಸಮಿತಿ, ಇನಿಶ್‌ಮೀಲ

ಮರೆತ ಮಾತು: ಪತ್ರವನ್ನು ಅಂಚೆಗೆ ಹಾಕುವ ಮುನ್ನ ಅಕ್ಕನಿಗೆ ಓದಿ ಹೇಳಿದೆ. ಮಾತು ಜಾಸ್ತಿಯಾಯಿತೆಂದು ಅವಳ ಅಭಿಪ್ರಾಯ. ಅವಳು ಪಾದ್ರಿಗಳನ್ನು ಕರೆಸಿ, ತನ್ನ ಶವಪೆಟ್ಟಿಗೆಯನ್ನು ಇಳಿತದ ಹೊತ್ತಿನಲ್ಲೇ ಇನಿಶ್‌ಮೀಲಕ್ಕೆ ತರಬೇಕೆಂದೂ, ಅದನ್ನು ಹೊರುವವರಲ್ಲಿ ಮುಂದಿನ ಹೆಗಲು ಮಾನ್ಯ ಸದಸ್ಯರದೇ ಆಗಿರಬೇಕೆಂದೂ ಕಟ್ಟಪ್ಪಣೆ ಮಾಡಿಟ್ಟಿದ್ದಾಳೆ. "ಬದುಕಿದ್ದಾಗ ಹತ್ತೋಕಾಗ್ಲಿಲ್ಲ, ಸತ್ತ ಮೇಲೆ ಅವ್ನೇ ಹತ್ತಿಸ್ಲಿ" ಎಂಬುದು ಅವಳ ಮಾತು. ಅವಳಿಗೇನೂ ಅವಸರವಿಲ್ಲ; ಅಷ್ಟರೊಳಗೆ ಮೆಟ್ಟಿಲುಗಳಾದರೆ ತಮ್ಮನ್ನು ಈ ಹೊಣೆಯಿಂದ ಬಿಡುಗಡೆ ಮಾಡಲು ಸಿದ್ಧಳಿದ್ದಾಳೆ. ಆಗದಿದ್ದಲ್ಲಿ, ತಾವು ಯಾರ ಶವಸಂಸ್ಕಾರವನ್ನೂ ತಪ್ಪಿಸುವವರಲ್ಲವೆಂಬ ಭರವಸೆ ಅವಳಿಗಿದೆ. ಬರುವಾಗ ಆ ಬೂಟುಗಳನ್ನೇ ಹಾಕಿಕೊಂಡು ಬರಬೇಕೆಂದು ತಿಳಿಸಲು ಹೇಳಿದ್ದಾಳೆ.