ಗಾಜುವಾಕದ ಪ್ಯಾಕಿಂಗ್ ಇಂಜಿನಿಯರ್

ಕಂಪ್ಯೂಟರು ಹೇಳಿದ್ದನ್ನಷ್ಟೇ ಮಾಡುತ್ತದೆ. ಅದರ ಸುತ್ತ ನಿಂತ ಮನುಷ್ಯರು ಹೇಳದೇ ಇದ್ದದ್ದನ್ನೂ ಮಾಡುತ್ತಾರೆ. ಹಾಗಾಗಿ ನಮ್ಮ ಕಸುಬಿನಲ್ಲಿ ನಗುವಿಗೆ ಬರ ಬಂದದ್ದೇ ಇಲ್ಲ.

ಎರಡು ಸಾವಿರದ ಐದಾರರ ಸುಮಾರಿಗೆ ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ಹೋಗಿ, ಐದೇ ಜನರಿದ್ದ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದ್ದೆ. ನಮ್ಮ ದೊಡ್ಡ ಗಿರಾಕಿ ವಿಜಯವಾಡದ ಪಟಮಟದಲ್ಲಿದ್ದ ಒಂದು ನರ್ಸಿಂಗ್ ಹೋಮ್. ಅಲ್ಲಿ ಲ್ಯಾಬ್ ರಿಪೋರ್ಟು ಮುದ್ರಿಸುವ ಪ್ರೋಗ್ರಾಂ ಪರ್ಲ್ ಭಾಷೆಯಲ್ಲಿತ್ತು. ಅದಕ್ಕೆ ರಕ್ತ ಪರೀಕ್ಷೆಯ ಯಂತ್ರದ ಜೊತೆ ಮಾತಾಡಲು ಬರುತ್ತಿರಲಿಲ್ಲ. ಮಾತು ಕಲಿಸುವ ಒಂದು ಮಾಡ್ಯೂಲನ್ನು ನಮ್ಮವರು ಬರೆದರು. ಅದನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಇನ್‌ಸ್ಟಾಲ್ ಆಗಿ ಕೂರುವಂತೆ ಪ್ಯಾಕೇಜ್ ಮಾಡಿಕೊಡುವುದು ನನ್ನ ಕೆಲಸ. ಪ್ರೊಬೇಷನ್‌ನಲ್ಲಿದ್ದೆ. ಪ್ಯಾಕೇಜು ಕೂರದಿದ್ದರೆ ನಾನು ದಾವಣಗೆರೆ ಬಸ್ಸಿನಲ್ಲಿ ಕೂರಬೇಕಿತ್ತು.

ಆವಕಾಯ

ವಿಶಾಖಪಟ್ಟಣದ ಗಾಜುವಾಕದಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮನೆಯ ಯಜಮಾನರು, "ಆಫೀಸಿನಲ್ಲಿ ಏನು ಕೆಲಸ ಬಾಬೂ?" ಅಂತ ಕೇಳಿದರು. ನನ್ನ ಹರಕು ತೆಲುಗಿನಲ್ಲಿ "ಪ್ಯಾಕೇಜ್ ಮಾಡ್ತೀನಿ" ಅಂದೆ.

"ಇಂಜಿನಿಯರಿಂಗ್ ಓದಿ ಪ್ಯಾಕಿಂಗಾ? ಅಯ್ಯೋ ಪಾಪಂ!"

ಮರುದಿನವೇ ಎರಡು ಜಾಡಿ ಆವಕಾಯ, ಅಂದರೆ ಮಾವಿನ ಉಪ್ಪಿನಕಾಯಿ, ನನ್ನ ಬಾಗಿಲಿಗೆ ಬಂತು. ಹೈದರಾಬಾದಿನ ಮಗಳಿಗೆ ಕಳಿಸಬೇಕಂತೆ. ಬಿಡಿಸಿ ಹೇಳುವಷ್ಟು ತೆಲುಗು ನನಗೆ ಬರುತ್ತಿರಲಿಲ್ಲ. ಟೇಪು, ರಟ್ಟು, ಹಳೇ ಪೇಪರು ತಂದು ಶ್ರದ್ಧೆಯಿಂದ ಕಟ್ಟಿದೆ. ಬಸ್ಸಿನಲ್ಲಿ ಎಣ್ಣೆಯೆಲ್ಲ ಸೋರಿ ಯಾರದೋ ಮದುವೆ ಸೀರೆಗಳ ಸೂಟ್‌ಕೇಸು ಕೆಂಪಾಯಿತು.

ಮಗಳ ಫೋನು ಬಂದ ಸಂಜೆ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಪ್ಯಾಕಿಂಗೂ ಬರದವನಿಗೆ ಯಾರಪ್ಪಾ ಕೆಲಸ ಕೊಟ್ಟದ್ದು?"

ಸ್ವಾವಲಂಬನೆ

ಪ್ಯಾಕೇಜಿನ ಜೊತೆ ಒಂದು ಪಟ್ಟಿ ಇರುತ್ತದೆ. ಇದು ನಡೆಯಬೇಕಾದರೆ ಇನ್ನೇನೇನು ಇರಬೇಕು ಅಂತ. ಅದಕ್ಕೆ ಡಿಪೆಂಡೆನ್ಸಿ, ಅಂದರೆ ಅವಲಂಬನೆ, ಅನ್ನುತ್ತಾರೆ. ನಮ್ಮ ಮ್ಯಾನೇಜರ್ ಅದನ್ನು ನೋಡಿ ಮುಖ ಸಿಂಡರಿಸಿದರು.

"ಏಳು ಡಿಪೆಂಡೆನ್ಸಿನಾ? ನಾವೇನು ಅಷ್ಟು ಗತಿಗೆಟ್ಟವರಾ? ತೆಗಿ ಎಲ್ಲಾನೂ."

"ಸಾರ್, ಅದರಲ್ಲಿ ಒಂದು ಲೈಬ್ರರಿ ಫೈಲು ಇಲ್ಲದಿದ್ದರೆ ಮಾಡ್ಯೂಲ್ ಉಸಿರೇ ಆಡಲ್ಲ."

"ಹಾಗಾದ್ರೆ ಅದನ್ನೇ ಮೊದಲು ತೆಗಿ."

ತೆಗೆದೆ. ಪಟಮಟದಿಂದ ಲ್ಯಾಬ್ ಟೆಕ್ನಿಶಿಯನ್ ಫೋನ್ ಮಾಡಿದರು. "ಇನ್‌ಸ್ಟಾಲ್ ಆಯಿತು, ಆದರೆ ಏನೂ ನಡೀತಿಲ್ಲ."

ಮ್ಯಾನೇಜರ್ ಫೋನ್ ಕಿತ್ತುಕೊಂಡರು. "ಇನ್‌ಸ್ಟಾಲ್ ಆಯ್ತೋ ಇಲ್ವೋ? ಅಷ್ಟು ಮಾತ್ರ ಹೇಳಿ."

"ಆಯ್ತು ಸಾರ್."

ಫೋನಿಟ್ಟು ನನ್ನ ಬೆನ್ನು ತಟ್ಟಿದರು. "ನಿನ್ನ ಪ್ಯಾಕೇಜು ಸರಿಯಾಗಿದೆ ಕಣಯ್ಯಾ. ನಡೆಯೋದು ಬೇರೆ ಡಿಪಾರ್ಟ್‌ಮೆಂಟು."

ಒಂಬತ್ತು

ಪಟ್ಟಿಯನ್ನು ಸದ್ದಿಲ್ಲದೆ ವಾಪಸ್ ಸೇರಿಸಿದೆ. ಪ್ಯಾಕೇಜು ನಡೆಯತೊಡಗಿತು. ಆಮೇಲೆ ಶುರುವಾದದ್ದು ನರ್ಸಿಂಗ್ ಹೋಮ್ ಮಾಲೀಕರಾದ ಡಾಕ್ಟರ ಕಾಟ. ವರ್ಷನ್ 0.8 ಅನ್ನುವುದು ಅವರ ಕಣ್ಣಿಗೆ ಬಿತ್ತು.

"ಸೊನ್ನೆ ಅಂದ್ರೆ ಶೂನ್ಯ, ಎಂಟು ಅಂದ್ರೆ ಶನಿ. ನನ್ನ ಸಂಖ್ಯೆ ಒಂಬತ್ತು."

ರಾತ್ರೋರಾತ್ರಿ ನಮ್ಮದು ವರ್ಷನ್ 9 ಆಯಿತು. ಮುಂದಿನ ಸಲ ಒಂದೂ ಎಂಟೂ ಕೂಡಿದರೆ ಒಂಬತ್ತಲ್ಲವೇ ಎಂದು ಮ್ಯಾನೇಜರ್ 1.8 ಕೊಡಿಸಿದರು. ಕಂಪ್ಯೂಟರು 'ಇದಕ್ಕಿಂತ ಹೊಸದು ಆಗಲೇ ಇದೆ' ಅಂತ ಒಳಗೇ ಬಿಟ್ಟುಕೊಳ್ಳಲಿಲ್ಲ. ಸರಿ, 18 ಮಾಡಿದೆವು. ಅದರ ಮುಂದಿನದು 27.

ಹೊಸ ಗಿರಾಕಿಯೊಬ್ಬರು ಅದನ್ನು ನೋಡಿ ಬೆರಗಾದರು. "ಇಪ್ಪತ್ತೇಳನೇ ವರ್ಷನ್ನಾ! ಹಾಗಾದರೆ ನಿಮ್ಮದು ಹಳೇ ಕಂಪನಿ."

ಮಾಡ್ಯೂಲ್ ಹುಟ್ಟಿ ನಾಲ್ಕು ತಿಂಗಳಾಗಿತ್ತು. ಮ್ಯಾನೇಜರ್ ಕೈ ಮುಗಿದು, "ಎಲ್ಲ ಹಿರಿಯರು ಹಾಕಿಕೊಟ್ಟ ದಾರಿ" ಅಂದರು.

ಬೊಟ್ಟು

ನರ್ಸಿಂಗ್ ಹೋಮಿನ ಹೊಸ ಬ್ಲಾಕ್ ಉದ್ಘಾಟನೆ. ಅತಿಥಿಗಳ ಎದುರಿಗೇ ಹೊಸ ಕಂಪ್ಯೂಟರಿಗೆ ಪ್ಯಾಕೇಜು ಹಾಕಿ ತೋರಿಸಬೇಕು. ಡಾಕ್ಟರು ಬೆಳಿಗ್ಗೆಯೇ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಅಮ್ಮನವರ ಗುಡಿಯಿಂದ ಕುಂಕುಮ ತಂದಿದ್ದರು. ಮಾನಿಟರಿಗೆ, ಕೀಬೋರ್ಡಿಗೆ, ಮೌಸಿಗೆ ತಾವೇ ಬೊಟ್ಟಿಟ್ಟರು. ಕೊನೆಗೆ ನನ್ನ ಕೈಯಲ್ಲಿದ್ದ ಪ್ಯಾಕೇಜಿನ ಸೀಡಿಯನ್ನು ತೆಗೆದುಕೊಂಡು, ಹೊಳೆಯುವ ಬದಿಯೇ ಮುಖ ಅಂದುಕೊಂಡು, ಅರಿಶಿನ ಬಳಿದು ನಡುವೆ ದೊಡ್ಡದೊಂದು ಕುಂಕುಮ ಒತ್ತಿದರು.

ಸೀಡಿಯನ್ನು ಹಾಗೇ ಒಳಗೆ ಹಾಕಿದೆ. ಆ ಹೊಳೆಯುವ ಬದಿಯನ್ನೇ ಓದಬೇಕಾದ ಡ್ರೈವು ಗರ್ ಗರ್ ಅಂದು ನಿಂತಿತು. ಸೀಡಿ ಓದಲಿಲ್ಲ.

"ಏನಾಯ್ತು?" ಅಂದರು ಡಾಕ್ಟರು.

"ಸಾರ್, ಕುಂಕುಮ..."

"ಅಮ್ಮನವರ ಕುಂಕುಮದಿಂದ ಕೆಟ್ಟಿತು ಅಂತೀಯಾ?"

ಮ್ಯಾನೇಜರ್ ಮುಂದೆ ಬಂದರು. ಕಾಪಾಡುತ್ತಾರೆ ಅಂದುಕೊಂಡೆ. "ಇಲ್ಲ ಡಾಕ್ಟರ್ ಗಾರು, ಇವನೇ ಏನೋ ತಪ್ಪು ಮಾಡಿದಾನೆ," ಅಂದರು.

ನಾನು ಸೀಡಿ ಹಿಡಿದು ಆಪರೇಷನ್ ಥಿಯೇಟರಿನ ನಲ್ಲಿಗೆ ಓಡಿದೆ. ಸರ್ಜನ್‌ಗಳು ಕೈ ತೊಳೆಯುವ ಸೋಪಿನಲ್ಲಿ ತೊಳೆದು ಒರೆಸಿ ತಂದು ಹಾಕಿದೆ. ಎರಡೇ ನಿಮಿಷಕ್ಕೆ ಪ್ಯಾಕೇಜು ಕೂತಿತು. ಯಂತ್ರ ಮಾತಾಡಿತು, ಜನ ಚಪ್ಪಾಳೆ ತಟ್ಟಿದರು, ನನ್ನ ನೌಕರಿ ಉಳಿಯಿತು.

ಡಾಕ್ಟರ ಮುಖ ಮಾತ್ರ ಬಿಗಿದೇ ಇತ್ತು. "ಅಂದ್ರೆ ನಿಮ್ಮ ಸಾಫ್ಟ್‌ವೇರಿಗೆ ಕುಂಕುಮ ಸಪೋರ್ಟ್ ಇಲ್ಲ ಅಂತಾಯ್ತು."

ಮ್ಯಾನೇಜರ್ ರೆಪ್ಪೆ ಕೂಡ ಬಡಿಯದೆ ಅಂದರು: "ಮುಂದಿನ ವರ್ಷನ್‌ನಲ್ಲಿ ಬರ್ತಾ ಇದೆ ಸಾರ್. ಅರಿಶಿನ ಮಾತ್ರ ಎಕ್ಸ್‌ಟ್ರಾ."